ಥೈರಾಯ್ಡ್ ಗುಳಿಗೆ ನುಂಗುವ ಅಕ್ಕನಿಗೆ ದೆಹಲಿಯಲ್ಲಿ ಕೇಳಿದ ಪ್ರಶ್ನೆ

"ತಮ್ಮಾ, ಐದೂವರಿಗೆ ಎದ್ದು ಗುಳಿಗಿ ನುಂಗತೀನಿ. ತಾಸಿನ ತನಕ ಚಾ ಸೈತ ಮುಟ್ಟಂಗಿಲ್ಲ. ಆದ್ರೂ ನಂದ ತಪ್ಪು ಅಂತಾರ."

ಎರಡು ವರ್ಷದ ಹಿಂದೆ ದೀಪಾವಳಿಗೆಂದು ಹಾವೇರಿಯಿಂದ ದೆಹಲಿಯ ನಮ್ಮ ಮನೆಗೆ ಬಂದಿದ್ದ ಅಕ್ಕ ಹೀಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು. ಥೈರಾಯ್ಡ್ ಹಾರ್ಮೋನಿನ ಗುಳಿಗೆ ಥೈರಾಕ್ಸಿನ್ 50 ಮೈಕ್ರೋಗ್ರಾಂನಿಂದ 150ಕ್ಕೆ ಏರಿದರೂ, ಆ ಹಾರ್ಮೋನು ಸಾಲದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಇಳಿದಿರಲಿಲ್ಲ. ಕಬ್ಬಿಣದ ಗುಳಿಗೆ ತಿಂದೂ ತಿಂದೂ ಹಿಮೋಗ್ಲೋಬಿನ್ 9 ದಾಟಿರಲಿಲ್ಲ. ಊರಲ್ಲಿ ಡಾಕ್ಟರ ಹತ್ತಿರ ಹೋದಾಗಲೆಲ್ಲ, ಗುಳಿಗೆ ಸರಿಯಾಗಿ ನುಂಗುತ್ತಿಲ್ಲ ಎಂದು ಬೈದು, ಡೋಸ್ ಏರಿಸಿ ಕಳಿಸುತ್ತಿದ್ದರು.

ದೆಹಲಿಯ ಡಾಕ್ಟರು ರಿಪೋರ್ಟ್ ನೋಡಿ ಮೊದಲು ಕೇಳಿದ್ದು, "ಮನೆಯಲ್ಲಿ ಯಾವ ಹಿಟ್ಟಿನ ರೊಟ್ಟಿ?" ಅಂತ. ಟಿಟಿಜಿ ಎಂಬ ರಕ್ತಪರೀಕ್ಷೆ ಬರೆದರು, ಆಮೇಲೆ ಎಂಡೋಸ್ಕೋಪಿ ಆಯಿತು. ಸೀಲಿಯಾಕ್ ಕಾಯಿಲೆ.

ಅಕ್ಕನಿಗಿರುವ ಹಾಶಿಮೊಟೊ ಎಂಬ ಥೈರಾಯ್ಡ್ ಸಮಸ್ಯೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ಬೀಳುತ್ತದೆ. ಸೀಲಿಯಾಕ್‌ನಲ್ಲಿ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನ್ ನೆಪವಾಗಿ ಸಣ್ಣ ಕರುಳಿನ ಒಳಪದರವೇ ಸವೆದುಹೋಗುತ್ತದೆ. ಎರಡರ ಹಿಂದೆಯೂ ಕೆಲವು ಜೀನ್‌ಗಳು ಒಂದೇ. ಇಂಥ ಥೈರಾಯ್ಡ್ ಇರುವ 100 ಮಂದಿಯಲ್ಲಿ 2ರಿಂದ 5 ಜನರಿಗೆ ಸೀಲಿಯಾಕ್ ಇರುತ್ತದೆ. ಸವೆದ ಕರುಳು ಕಬ್ಬಿಣವನ್ನೂ ಹೀರದು, ಥೈರಾಕ್ಸಿನ್ನನ್ನೂ ಸರಿಯಾಗಿ ಹೀರದು. ಅಕ್ಕ ಸುಳ್ಳು ಹೇಳಿರಲಿಲ್ಲ.

ದೆಹಲಿಯಲ್ಲಿ ನಮ್ಮ ಪಕ್ಕದ ಮನೆಯಾಕೆಗೂ ಇದು ಗೊತ್ತು. 'ಗೇಹೂಂ ಕೀ ಎಲರ್ಜಿ', ಅಂದರೆ ಗೋಧಿಯ ಅಲರ್ಜಿ, ಎನ್ನುತ್ತಾರೆ. ನಮ್ಮ ಕಡೆ ಹೆಸರೇ ಕೇಳಿದವರಿಲ್ಲ. ಅದಕ್ಕೆ ಕಾರಣವೂ ಇದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರ ಭಾರತದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಜನರಲ್ಲಿ ಸೀಲಿಯಾಕ್ ಕಂಡಿತು. ಜೀನ್‌ಗಳಲ್ಲಿ ಅಂಥ ಅಂತರವಿರಲಿಲ್ಲ, ದೊಡ್ಡ ಅಂತರ ಇದ್ದದ್ದು ತಿನ್ನುವ ಗೋಧಿಯ ಪ್ರಮಾಣದಲ್ಲಿ.

ನನ್ನನ್ನು ಕಾಡುವುದು ಇದೇ. ಸಕ್ಕರೆ ಕಾಯಿಲೆ ಅಂದ ಕೂಡಲೇ ನಮ್ಮಲ್ಲಿ "ಅನ್ನ ಬಿಡ್ರಿ, ಚಪಾತಿ ತಿನ್ರಿ" ಅನ್ನುತ್ತಾರೆ. ಜೋಳದ ರೊಟ್ಟಿ ಬಡಿಯಲು ಪುರಸೊತ್ತಿಲ್ಲದ ಅಕ್ಕನ ಮನೆಯಲ್ಲೂ ಎರಡು ಹೊತ್ತು ಚಪಾತಿಯೇ. ಅಡುಗೆಮನೆ ಬದಲಾಯಿತು, ಡಾಕ್ಟರು ಕೇಳುವ ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಅಪರೂಪದ ಕಾಯಿಲೆ ಹೊಳೆಯದೇ ಇರಬಹುದು, ಅದು ತಪ್ಪಲ್ಲ. ರೋಗಿಯನ್ನೇ ಸುಳ್ಳಿ ಮಾಡುವುದು ತಪ್ಪು. ಇಂಗ್ಲೆಂಡಿನಲ್ಲಿ ಚಿಕಿತ್ಸೆ ಹೇಗಿರಬೇಕೆಂದು ಡಾಕ್ಟರುಗಳಿಗೆ ಸಲಹೆ ಕೊಡುವ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ, ಇಂಥ ಥೈರಾಯ್ಡ್ ಕಾಯಿಲೆ ಪತ್ತೆಯಾದಾಗಲೇ ಸೀಲಿಯಾಕ್ ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ಡೋಸ್ ಏರುತ್ತಲೇ ಹೋಗುವ, ರಕ್ತಹೀನತೆ ಬಿಡದ ಥೈರಾಯ್ಡ್ ರೋಗಿಗಾದರೂ ನಮ್ಮಲ್ಲಿ ಒಮ್ಮೆ ಅದನ್ನು ಬರೆದುಕೊಡಲಿ.

ಇದನ್ನು ಓದಿ ಇವತ್ತೇ ಗೋಧಿ ಬಿಡಬೇಡಿ. ಪರೀಕ್ಷೆಗೆ ಮೊದಲೇ ಬಿಟ್ಟರೆ ಕಾಯಿಲೆ ಇದ್ದರೂ ರಿಪೋರ್ಟ್ ಸರಿಯಾಗಿಯೇ ಬರಬಹುದು. ಗೋಧಿ ಬಿಟ್ಟ ಮಾತ್ರಕ್ಕೆ ಥೈರಾಯ್ಡ್ ವಾಸಿಯಾಗುವುದೂ ಇಲ್ಲ. ಅಕ್ಕ ಈಗಲೂ ಗುಳಿಗೆ ನುಂಗುತ್ತಾಳೆ, 100 ಮೈಕ್ರೋಗ್ರಾಂ.

ಜೋಳ, ರಾಗಿ, ಸಜ್ಜೆ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ದೆಹಲಿಯಲ್ಲಿ ನಾನು ಹುಡುಕಿ ತರುವ ಜೋಳದ ಹಿಟ್ಟು ಅವಳಿಗೆ ಓಣಿಯಲ್ಲೇ ಸಿಗುತ್ತದೆ. ಆದರೂ ಮೊದಲ ಮೂರು ತಿಂಗಳು ಹೊಟ್ಟೆನೋವು ನಿಲ್ಲಲಿಲ್ಲ. ಒಂದು ದಿನ ಇಂಗಿನ ಡಬ್ಬಿಯ ಹಿಂಬದಿ ಓದಿಸಿದೆ, ಅದರಲ್ಲಿ ಗೋಧಿ ಹಿಟ್ಟಿತ್ತು. ಇನ್ನೊಂದು ದಿನ ಅವಳೇ ಫೋನ್ ಮಾಡಿದಳು: "ಗಿರಣ್ಯಾಗ ಗೋದಿ ಬೀಸಿದ ಕಲ್ಲಿನ್ಯಾಗ ನನ್ನ ಜ್ವಾಳ ಹಾಕ್ಯಾನ ನೋಡು." ಆ ವಾರವೇ ಮನೆಗೊಂದು ಸಣ್ಣ ಗಿರಣಿ ತಂದರು. ಅದರಲ್ಲಿ ಗೋಧಿ ಹಾಕಲು ಯಾರಿಗೂ ಅಪ್ಪಣೆಯಿಲ್ಲ.