ಎರಡನೇ ರೌಟರ್ ಹಾಕಿದರೆ ಪಿಂಗ್ ಅರ್ಧ ಆಗಲ್ಲ

ಫೈಬರ್ ಕಂಪನಿಯ ರೌಟರ್ ಹಿಂದೆ ಇನ್ನೊಂದು 'ಗೇಮಿಂಗ್ ರೌಟರ್' ಸಿಕ್ಕಿಸಿದರೆ ಪಿಂಗ್ (ಗೇಮ್ ಸರ್ವರ್‌ಗೆ ಡೇಟಾ ಹೋಗಿ ಬರಲು ಹಿಡಿಯುವ ಸಮಯ) ಅರ್ಧಕ್ಕೆ ಇಳಿಯುತ್ತದೆ ಅನ್ನುವ ಮೆಸೇಜ್ ಓಡಾಡುತ್ತಿದೆ. ಇಳಿಯಲ್ಲ. ಸರ್ವರ್ ಮುಂಬೈನಲ್ಲಿದೆಯೋ ಸಿಂಗಾಪುರದಲ್ಲಿದೆಯೋ ಅನ್ನುವುದನ್ನು ಯಾವ ರೌಟರೂ ಬದಲಿಸಲ್ಲ, ಅಲ್ವಾ? ಅದರಿಂದ ನಿಜವಾದ ಲಾಭ ಮುಖ್ಯವಾಗಿ ದೂರದ ರೂಮಿನಲ್ಲಿ ವೈಫೈ ಸಿಗ್ನಲ್ ಸೊರಗಿದ್ದಾಗ.

ಹೊಸ ರೌಟರ್‌ನ ವ್ಯಾನ್ ಪೋರ್ಟ್‌ಗೆ (ಇಂಟರ್ನೆಟ್ ಒಳಬರುವ ಕಿಂಡಿ) ಕೇಬಲ್ ಚುಚ್ಚಿ ಸುಮ್ನೆ ಬಿಟ್ಟರೆ ಎರಡೂ ಕಡೆ ನ್ಯಾಟ್, ಅಂದರೆ ಒಳಗಿನ ಸಾಧನಗಳ ವಿಳಾಸವನ್ನು ಒಂದೇ ಹೊರ ವಿಳಾಸಕ್ಕೆ ಬದಲಿಸುವ ಕೆಲಸ, ನಡೆಯುತ್ತದೆ. ಆಗ ಗೇಮ್ ಕೇಳಿದಾಗ ಹೊಸದು ಯುಪಿಎನ್‌ಪಿ ಮೂಲಕ ತಾನಾಗಿ ಪೋರ್ಟ್ (ಡೇಟಾ ಒಳಬರುವ ದಾರಿ) ತೆರೆದರೂ ಹಳೆಯದಕ್ಕೆ ಅದು ಗೊತ್ತೇ ಆಗಲ್ಲ, ಹಾಗಾಗಿ ಪ್ಲೇಸ್ಟೇಷನ್‌ನಲ್ಲಿ 'ನ್ಯಾಟ್ ಟೈಪ್ 3' (ಸ್ಟ್ರಿಕ್ಟ್, ಅಂದರೆ ಬೇರೆ ಆಟಗಾರರ ಜೊತೆ ಸಂಪರ್ಕ ಕಷ್ಟ) ಕಾಣಿಸಬಹುದು, ಪಾರ್ಟಿ ಚಾಟ್ ಕೈಕೊಡಬಹುದು.

ಕಂಪನಿ ರೌಟರನ್ನು ಬ್ರಿಜ್ ಮೋಡ್‌ಗೆ (ನ್ಯಾಟ್ ಮಾಡದೆ ಸಂಪರ್ಕವನ್ನು ಹಾಗೇ ದಾಟಿಸುವ ಸ್ಥಿತಿ) ಹಾಕಿಸಿ. ಅದು ಆಗದಿದ್ದರೆ ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮಾಡಿ, ಅಂದರೆ ಅದು ವೈಫೈ ಮಾತ್ರ ಕೊಡಲಿ. ಆ ಮೋಡ್ ಇಲ್ಲದ ಹಳೇ ರೌಟರ್ ಆದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮೊದಲನೆಯದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಟ್ಟು, ಒಂದರ ಲ್ಯಾನ್ ಪೋರ್ಟ್‌ನಿಂದ (ಮನೆಯ ಸಾಧನಗಳಿಗಿರುವ ಕಿಂಡಿ) ಇನ್ನೊಂದರ ಲ್ಯಾನ್ ಪೋರ್ಟ್‌ಗೆ ಕೇಬಲ್ ಎಳೆಯಿರಿ. ವ್ಯಾನ್ ಪೋರ್ಟ್ ಮುಟ್ಟಬೇಡಿ.

ಇಷ್ಟಾದರೂ ನ್ಯಾಟ್ ಸ್ಟ್ರಿಕ್ಟ್ ಅಂದರೆ ಮೊದಲ ರೌಟರ್‌ನ (ಅದು ಬ್ರಿಜ್ ಮೋಡ್‌ನಲ್ಲಿದ್ದರೆ ಹೊಸದರ) ವ್ಯಾನ್ ಐಪಿ ನೋಡಿ. 100.64ರಿಂದ 100.127ರೊಳಗೆ ಶುರುವಾಗಿದ್ದರೆ ಕಂಪನಿಯೇ ಇನ್ನೊಂದು ನ್ಯಾಟ್ ಹಾಕಿದೆ ಎಂದರ್ಥ. ಅದಕ್ಕೆ ಕಂಪನಿಯನ್ನು ಪಬ್ಲಿಕ್ ಐಪಿ (ಇಂಟರ್ನೆಟ್‌ನಿಂದ ನೇರ ತಲುಪುವ ವಿಳಾಸ) ಕೇಳಬೇಕು, ರೌಟರ್ ಕೊಂಡರೆ ಆಗಲ್ಲ.