ಆದಿಜೀವಿಗಳು ಸಿದ್ಧ ಆಹಾರವನ್ನೇ ನಂಬಿ ಬದುಕಿದ್ದವೇ?

ಪರ

ಮೊದಲ ಜೀವಿಗಳು ಆಹಾರವನ್ನು ತಾವೇ ತಯಾರಿಸಿಕೊಳ್ಳದೆ, ಸುತ್ತಲಿನ ನೀರಿನಲ್ಲಿ ಆಗಲೇ ಕೂಡಿಕೊಂಡಿದ್ದ ಸಾವಯವ ವಸ್ತುಗಳನ್ನು ಹೀರಿ ಬದುಕಿದವು ಎಂಬ ವಾದದ ಬಲವಿರುವುದು ಅದರ ಸರಳತೆಯಲ್ಲಿ. ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ಕಟ್ಟಬೇಕಾದರೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಹಲವಾರು ಕಿಣ್ವಗಳು ಒಂದರ ಹಿಂದೊಂದು ದುಡಿಯಬೇಕು. ಆಗಷ್ಟೇ ರೂಪುಗೊಂಡ ಜೀವಕೋಶದಲ್ಲಿ ಅಷ್ಟು ಸಿದ್ಧತೆಯನ್ನು ನಿರೀಕ್ಷಿಸಲಾಗದು. ರಷ್ಯಾದ ವಿಜ್ಞಾನಿ ಒಪಾರಿನ್ 1924ರಲ್ಲಿಯೂ ಬ್ರಿಟನ್ನಿನ ವಿಜ್ಞಾನಿ ಹಾಲ್ಡೇನ್ 1929ರಲ್ಲಿಯೂ ಪ್ರತ್ಯೇಕವಾಗಿ ಇದೇ ನಿಲುವಿಗೆ ಬಂದಿದ್ದರು. ಮೀಥೇನ್, ಅಮೋನಿಯ, ಹೈಡ್ರೋಜನ್ ಮತ್ತು ನೀರಾವಿಯ ನಡುವೆ ವಿದ್ಯುತ್ ಕಿಡಿ ಹಾಯಿಸಿದರೆ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಹುಟ್ಟುತ್ತವೆಂದು ಅಮೆರಿಕದ ರಸಾಯನವಿಜ್ಞಾನಿ ಮಿಲ್ಲರ್ 1953ರಲ್ಲಿ ತೋರಿಸಿದರು. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿಯೂ ಅಮೈನೋ ಆಮ್ಲಗಳು ಸಿಕ್ಕವು. ಗ್ಲೂಕೋಸನ್ನು ಆಮ್ಲಜನಕವಿಲ್ಲದೆ ಒಡೆದು, ಅಣುವೊಂದಕ್ಕೆ ಕೇವಲ 2 ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಗಳಿಸುವ ಕ್ರಮ ಇಂದಿಗೂ ಜೀವಲೋಕದಲ್ಲಿ ವ್ಯಾಪಕವಾಗಿರುವುದು ಅದರ ಪ್ರಾಚೀನತೆಯ ಗುರುತೆಂದು ಈ ಪಕ್ಷದವರು ಹೇಳುತ್ತಾರೆ.

ವಿರೋಧ

ಆಹಾರವೆಂದರೆ ಎರಡು ಸಂಗತಿ: ಮೈ ಕಟ್ಟುವ ಸಾಮಗ್ರಿ ಮತ್ತು ಕೆಲಸ ನಡೆಸುವ ಶಕ್ತಿ. ಮಿಲ್ಲರ್ ಅವರ ಗಾಜಿನ ಪಾತ್ರೆ ಮೊದಲನೆಯದಕ್ಕೆ ಉತ್ತರ ಕೊಟ್ಟಿತೇ ಹೊರತು ಎರಡನೆಯದಕ್ಕಲ್ಲ. ಅಮೈನೋ ಆಮ್ಲಗಳು ಸಾಗರದಲ್ಲಿ ತೀರ ತೆಳುವಾಗಿ ಹರಡಿಹೋಗುತ್ತವೆ. ಅವು ಕೂಡಿದ್ದರೂ, ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬಂತೆ, ದಾಸ್ತಾನು ಒಂದು ದಿನ ಬರಿದಾಗಲೇಬೇಕು.

ಇದಕ್ಕೆ ಪ್ರತಿಯಾಗಿ, ಬತ್ತದ ಶಕ್ತಿಯ ಒರತೆಗಳು ಕಡಲತಳದಲ್ಲಿವೆ. 1977ರಲ್ಲಿ ಗಲಾಪಗೋಸ್ ಬಳಿ ಬಿಸಿನೀರಿನ ಚಿಲುಮೆಗಳು ಕಂಡವು. 2000ದಲ್ಲಿ ಅಟ್ಲಾಂಟಿಕ್ ಮಧ್ಯದಲ್ಲಿ ಪತ್ತೆಯಾದ 'ಲಾಸ್ಟ್ ಸಿಟಿ' ಚಿಲುಮೆಗಳಲ್ಲಿ ಬಂಡೆ ಮತ್ತು ನೀರಿನ ರಾಸಾಯನಿಕ ಕ್ರಿಯೆಯಿಂದಲೇ ಹೈಡ್ರೋಜನ್ ಉಕ್ಕುತ್ತದೆ. ಹೈಡ್ರೋಜನ್ನನ್ನು ಇಂಗಾಲದ ಡೈಆಕ್ಸೈಡಿನೊಂದಿಗೆ ಕೂಡಿಸಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಇಂದಿಗೂ ಇವೆ, ಅವಕ್ಕೆ ಬಿಸಿಲು ಬೇಡ, ಸಿದ್ಧ ಸಕ್ಕರೆಯೂ ಬೇಡ. ಕಿಣ್ವಗಳಿಲ್ಲದೆ ಇದು ಹೇಗೆ ಮೊದಲಾಯಿತೆಂಬ ಆಕ್ಷೇಪ ತೂಕದ್ದೇ. ಆದರೆ ಆ ಕೆಲಸವನ್ನು ಮೊದಲು ಕಬ್ಬಿಣ ಮತ್ತು ಗಂಧಕದ ಖನಿಜಗಳು ನಡೆಸಿರಬೇಕೆಂದು ಜರ್ಮನಿಯ ರಸಾಯನವಿಜ್ಞಾನಿ ವೆಖ್ಟರ್ಸ್‌ಹಾಯ್ಸರ್ 1988ರಲ್ಲಿ ಸೂಚಿಸಿದರು. ಇಂದಿನ ಅನೇಕ ಕಿಣ್ವಗಳ ನಡುವೆ ಕಬ್ಬಿಣ-ಗಂಧಕದ ಗೊಂಚಲುಗಳು ಕೂತಿರುವುದನ್ನು ಕಂಡಾಗ ಆ ಸೂಚನೆಯನ್ನು ತಳ್ಳಿಹಾಕಲು ಮನಸ್ಸು ಬಾರದು.

ಎಲ್ಲ ಜೀವಿಗಳ ಸಮಾನ ಪೂರ್ವಜನಿಗೆ ಸೇರಿದ್ದಿರಬಹುದಾದ 355 ಜೀನ್ ಕುಟುಂಬಗಳನ್ನು ಗುರುತಿಸಿದ 2016ರ ಅಧ್ಯಯನವೂ ಹೈಡ್ರೋಜನ್ ನಂಬಿದ ಜೀವಿಯನ್ನೇ ಚಿತ್ರಿಸುತ್ತದೆ. ಬ್ಯಾಕ್ಟೀರಿಯಗಳು ಜೀನ್‌ಗಳನ್ನು ಪರಸ್ಪರ ವರ್ಗಾಯಿಸಿಕೊಳ್ಳುವುದರಿಂದ ಆ ಪಟ್ಟಿ ನಿರ್ವಿವಾದವಲ್ಲ, ನಿಜ. ಹಾಗಿದ್ದರೂ ಸಿದ್ಧ ಆಹಾರವನ್ನು ನಂಬುವ ಪರಪೋಷಕಗಳು ಅನಂತರ ಬಂದವೆಂಬ ಊಹೆಯೇ ಹೆಚ್ಚು ಒಪ್ಪುತ್ತದೆ: ಕೋಶದ ಒಣತೂಕದಲ್ಲಿ ಅರ್ಧದಷ್ಟು ಪ್ರೋಟೀನೇ ಇರುವಾಗ, ಅವುಗಳ ಮೊದಲ ಊಟ ಸಾಗರದ ತಿಳಿಸಾರಾಗಿರದೆ ಸತ್ತ ಸ್ವಪೋಷಕಗಳ (ಆಹಾರವನ್ನು ತಾವೇ ತಯಾರಿಸಿಕೊಳ್ಳುವ ಜೀವಿಗಳ) ಮೈಯೇ ಆಗಿದ್ದಿರಬೇಕು.