ಕತ್ತೆತ್ತಿ ನೋಡುವ ಫೋಟೊ, ಬಗ್ಗಿ ನೋಡುವ ಫೋಟೊ

ನಮ್ಮ ಕೊಡಗಿನ ಹಳೇ ಮನೆಗಳಲ್ಲಿ ಫೋಟೊ ನೋಡಬೇಕೆಂದರೆ ಕತ್ತು ಎತ್ತಬೇಕು. ಬಾಗಿಲಿಗಿಂತಲೂ ಮೇಲೆ, ಮುಂದಕ್ಕೆ ವಾಲಿಕೊಂಡು ಹಿರಿಯರು ಸಾಲಾಗಿ ಇರುತ್ತಾರೆ. ಕುಪ್ಯಚೇಲೆ ತೊಟ್ಟ ಮುತ್ತಜ್ಜ, ಮಿಲಿಟರಿ ಡ್ರೆಸ್ಸಿನ ದೊಡ್ಡಪ್ಪ, ಅರ್ಧ ಊರೇ ನಿಂತಿರುವ ಒಂದು ಮದುವೆ ಗ್ರೂಪ್ ಫೋಟೊ. ಒಳಗಿನಿಂದ ಕಾಫಿ ಬರುವವರೆಗೆ ಬಂದವರಿಗೆ ಅದನ್ನು ನೋಡುವುದೇ ಕೆಲಸ. ಸುಮ್ನೆ ಮಾತಿಗೆ ಅಂತ "ಇವರು ಯಾರು?" ಅಂದರೆ ಮುಗಿಯಿತು. ಲೋಟ ಖಾಲಿಯಾಗುವಷ್ಟರಲ್ಲಿ ಅವರಿಗೂ ನಿಮಗೂ ಏನಾದರೊಂದು ನೆಂಟಸ್ತಿಕೆ ಹೊರಬಿದ್ದಿರುತ್ತದೆ.

ಲಂಡನ್ನಿನ ಪ್ರದರ್ಶನಗಳಲ್ಲಿ ಫೋಟೊ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಅಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ರಜೆ ದಿನ ಎಲ್ಲಿ ಹೋಗುವುದು ಅಂತ ತಿಳಿಯದೆ ಈ ಚಟ ಹತ್ತಿಸಿಕೊಂಡೆ. ಕಲಾಪ್ರೇಮ ಅಂತೆಲ್ಲ ಏನಿಲ್ಲ. ಹೊರಗೆ ಮಳೆ, ಒಳಗೆ ಬೆಚ್ಚಗೆ. ಕಕ್ಕಡ ತಿಂಗಳು ಕಂಡವರಿಗೆ ಅಲ್ಲಿನದು ಮಳೆಯೇ ಅಲ್ಲ ಬಿಡಿ, ಆದರೂ ಒಳಗೆ ನುಗ್ಗಲು ಒಂದು ನೆಪ. ಆಕ್ಸ್‌ಫರ್ಡ್ ಸ್ಟ್ರೀಟಿನ ಗದ್ದಲದಿಂದ ಪಕ್ಕದ ಸಂದಿಗೆ ತಿರುಗಿದರೆ ಫೋಟೋಗ್ರಾಫರ್ಸ್ ಗ್ಯಾಲರಿ ಸಿಗುತ್ತದೆ. 1971ರಲ್ಲಿ ಬರೀ ಫೋಟೊಗಳಿಗೆ ಅಂತಲೇ ಶುರುವಾದದ್ದು. ನಾನು ಹೋಗುತ್ತಿದ್ದಾಗ ಶುಕ್ರವಾರ ಸಂಜೆ ಐದರ ಮೇಲೆ ಅಲ್ಲಿ ಟಿಕೆಟ್ ಇರಲಿಲ್ಲ. ಚಟಕ್ಕೆ ಇದೂ ಒಂದು ಕಾರಣ.

ಇದನ್ನು ಊರಲ್ಲಿ ಹೇಳಿಕೊಂಡರೆ ನಮ್ಮ ಭಾವನಿಗೆ ನಗು. "ಅಲ್ಲ ಮಾರಾಯ, ಫೋಟೊ ನೋಡೋಕೆ ದುಡ್ಡು ಕೊಟ್ಟು ಹೋಗ್ತೀಯಾ? ಎಲ್ಲ ಫೋನಲ್ಲೇ ಬರುತ್ತಲ್ವಾ?" ಟಿಕೆಟಿನ ಪೌಂಡನ್ನು ಮೊದಲು ರೂಪಾಯಿ ಮಾಡಿ, ಆಮೇಲೆ ರೂಪಾಯಿಯನ್ನು ಕೆ.ಜಿ. ಕಾಫಿ ಮಾಡಿ ನೋಡುವ ಮನುಷ್ಯ ಅವರು. ತೋಟ ನೋಡಿಕೊಳ್ಳುವವರ ಲೆಕ್ಕವೇ ಹಾಗೆ.

ಫೋನಲ್ಲಿ ಎಲ್ಲ ಬರುತ್ತದೆ, ನಿಜ. ಆದರೆ ಎಲ್ಲವೂ ಒಂದೇ ಅಳತೆಯಲ್ಲಿ ಬರುತ್ತದೆ. ಆನೆಯೂ ಅಷ್ಟೇ, ಇರುವೆಯೂ ಅಷ್ಟೇ. 2018ರಲ್ಲಿ ಹೇವರ್ಡ್ ಗ್ಯಾಲರಿಯಲ್ಲಿ ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿಯ ಪ್ರದರ್ಶನವಿತ್ತು. ಅದರಲ್ಲಿ ಪ್ಯಾರಿಸ್ಸಿನ ಒಂದು ಅಪಾರ್ಟ್‌ಮೆಂಟಿನ ಫೋಟೊ. 1993ರದ್ದು, ಮೂರು ಮೀಟರಿಗಿಂತ ಅಗಲ. ಫೋನಲ್ಲಿ ಅದು ಬರೀ ಚೌಕಳಿ ಬಟ್ಟೆ. ಎದುರು ನಿಂತರೆ ಒಂದೊಂದು ಕಿಟಕಿಯಲ್ಲೂ ಒಂದೊಂದು ಸಂಸಾರ. ಜನ ಮೊದಲು ಹಿಂದಕ್ಕೆ ಹೋಗುತ್ತಾರೆ, ಆಮೇಲೆ ಮೂಗು ತಾಗುವಷ್ಟು ಹತ್ತಿರ ಬರುತ್ತಾರೆ. ಕಾವಲಿನವರು ಎದ್ದು ನಿಲ್ಲುತ್ತಾರೆ. ಪರರ ಮನೆ ಕಿಟಕಿಯಲ್ಲಿ ಇಣುಕುವ ಆಸೆ ಎಲ್ಲ ದೇಶದವರಿಗೂ ಒಂದೇ.

ಫ್ರಾನ್ಸೆಸ್ಕಾ ವುಡ್‌ಮನ್ ಎನ್ನುವ ಅಮೆರಿಕದ ಹುಡುಗಿಯ ಫೋಟೊಗಳು ಇದಕ್ಕೆ ಪೂರ್ತಿ ಉಲ್ಟಾ. ಎಷ್ಟೋ ಪ್ರಿಂಟುಗಳು ಅಂಗೈಯಷ್ಟೇ. 1981ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೇ ತೀರಿಕೊಂಡವಳು. ಅವಳ ಫೋಟೊ ನೋಡಲು ಬಗ್ಗಬೇಕು, ಹಿಂದಿರುವವರು ಕಾಯಬೇಕು. ಗೋಡೆಯ ಮೇಲಿದ್ದರೂ ಕೈಯಲ್ಲಿ ಹಿಡಿದು ಒಬ್ಬರೇ ನೋಡಿದ ಹಾಗಿರುತ್ತದೆ.

ಎಲ್ಲ ಪ್ರದರ್ಶನವೂ ಹೀಗೇ ಅಂತ ಹೇಳಲಾರೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪ್ರತಿವರ್ಷ ವನ್ಯಜೀವಿ ಫೋಟೊ ಸ್ಪರ್ಧೆ ನಡೆಸಿ ಗೆದ್ದವರ ಫೋಟೊಗಳನ್ನು ಇಡುತ್ತದೆ. ಭಾರೀ ಹೆಸರು, ಭಾರೀ ನೂಕುನುಗ್ಗಲು. ಕತ್ತಲೆ ಹಾಲಿನಲ್ಲಿ ಹಿಂದಿನಿಂದ ಬೆಳಕು ಬಿಟ್ಟು ಫೋಟೊ ತೋರಿಸುತ್ತಾರೆ. ಅಲ್ಲಿ ನನಗೆ ದೊಡ್ಡ ಫೋನೊಂದರ ಎದುರು ನಿಂತಂತೆಯೇ ಅನಿಸುತ್ತದೆ. ಭಾವನ ವಾದಕ್ಕೆ ಅಲ್ಲಿ ಅರ್ಧ ಗೆಲುವು ಕೊಡುತ್ತೇನೆ.

ಆದರೂ 2021ರದ್ದನ್ನು ಬಿಟ್ಟುಕೊಡಲಾರೆ. ಆ ವರ್ಷ ಕಿರಿಯರ ದೊಡ್ಡ ಬಹುಮಾನ ಬಂದದ್ದು ಬೆಂಗಳೂರಿನ ಹತ್ತು ವರ್ಷದ ಹುಡುಗನಿಗೆ. ಬಲೆಯ ನಡುವೆ ಕೂತ ಒಂದು ಜೇಡ, ಹಿಂದೆ ಹಸಿರು ಹಳದಿ ಬಣ್ಣ ಹರಡಿಕೊಂಡಿದೆ. ಬಣ್ಣ ಏನಪ್ಪಾ ಅಂದರೆ, ಆಗ ದಾಟಿ ಹೋದ ಆಟೋ! ಪಕ್ಕದಲ್ಲಿ ಒಬ್ಬ ಅಜ್ಜಿ ಆ ಬಣ್ಣಕ್ಕೆ ತಲೆದೂಗುತ್ತ ನಿಂತಿದ್ದರು. ನನ್ನಿಂದ ತಡೆಯಲಾಗಲಿಲ್ಲ. ಇದು ನಮ್ಮೂರ ಕಡೆಯ ಆಟೋ ಅಂದೆ. ಮೀಟರ್ ಮೇಲೆ ಎಷ್ಟು ಕೇಳುತ್ತಾರೆ ಅನ್ನುವುದನ್ನೂ ಹೇಳಿದೆ. ಅಲ್ಲಿ ನಾನು ಅಪರಿಚಿತರ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು. ಜಗಲಿಯ ಅಭ್ಯಾಸ, ಎಲ್ಲಿ ಹೋಗುತ್ತೆ?

ಆ ಅಭ್ಯಾಸ ಇನ್ನೊಂದು ಕಡೆಯೂ ಕೆಲಸ ಮಾಡಿತು. 2024ರಲ್ಲಿ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ವುಡ್‌ಮನ್ ಜೊತೆಗೆ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಫೋಟೊಗಳನ್ನೂ ಇಟ್ಟಿದ್ದರು. ಕ್ಯಾಮರಾನ್ ಹುಟ್ಟಿದ್ದು 1815ರಲ್ಲಿ, ಕಲ್ಕತ್ತದಲ್ಲಿ. ಕೈಗೆ ಕ್ಯಾಮೆರಾ ಬಂದದ್ದು ನಲವತ್ತೆಂಟನೇ ವಯಸ್ಸಿಗೆ. ಗಾಜಿನ ತಟ್ಟೆಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಫೋಟೊ ತೆಗೆದು ತೊಳೆಯಬೇಕಾದ ಕಾಲ. ಮೊಟ್ಟೆಯ ಬಿಳಿ ಸವರಿದ ಕಾಗದದ ಮೇಲೆ ಪ್ರಿಂಟು. ಹತ್ತಿರ ಹೋದರೆ ಗೀರು, ಕಲೆ, ಎಲ್ಲೋ ಒಂದು ಬೆರಳಚ್ಚು. ಮುಖಗಳು ಮಸುಕು. ಇದೇನು ಒರಟು ಕೆಲಸ ಅಂತ ಆ ಕಾಲದ ಫೋಟೊ ಪಂಡಿತರು ಬೈದಿದ್ದರು. ನನಗಂತೂ ಆ ಕಲೆಗಳೇ ಇಷ್ಟ.

ಅವರ ಗಂಡನಿಗೆ ಸಿಲೋನಿನಲ್ಲಿ ಕಾಫಿ ತೋಟ ಇತ್ತು. ಅಷ್ಟು ಸಾಕಾಯಿತು, ನನ್ನ ತಲೆ ಫೋಟೊ ಬಿಟ್ಟು ತೋಟಕ್ಕೆ ಹೋಯಿತು. ದಂಪತಿ 1875ರಲ್ಲಿ ಸಿಲೋನಿಗೆ ಹೋಗಿ ನೆಲೆಸಿದರು, ಆಕೆ ಅಲ್ಲೇ 1879ರಲ್ಲಿ ತೀರಿಕೊಂಡರು. ಸಿಲೋನಿನ ಕಾಫಿಗೆ ಎಲೆ ತುಕ್ಕು ರೋಗ ಕಾಣಿಸಿಕೊಂಡದ್ದು 1869ರಲ್ಲಿ. ಎಂಥ ಹೊತ್ತಿನಲ್ಲಿ ಹೋದರು ನೋಡಿ! ಆಮೇಲೆ ಅಲ್ಲಿ ಕಾಫಿ ಕಿತ್ತು ಟೀ ಹಾಕಿದ್ದು ಎಲ್ಲರಿಗೂ ಗೊತ್ತು. ಊರಿಗೆ ಫೋನ್ ಮಾಡಿ ಹೇಳಿದಾಗ ಭಾವ ಮೊದಲ ಸಲ ಪ್ರದರ್ಶನದ ಬಗ್ಗೆ ಆಸಕ್ತಿಯಿಂದ ಪ್ರಶ್ನೆ ಕೇಳಿದರು. "ಎಷ್ಟು ಎಕರೆ ಇತ್ತಂತೆ?"

ಇಂಥ ಹಳೇ ಪ್ರಿಂಟುಗಳಿರುವ ಕೋಣೆಯಲ್ಲಿ ಬೆಳಕು ತೀರಾ ಕಮ್ಮಿ. ಬೆಳಕಿನ ಅಳತೆಯಲ್ಲಿ 50 ಲಕ್ಸ್ ಆಸುಪಾಸು ಅಷ್ಟೇ, ಹೆಚ್ಚಾದರೆ ಚಿತ್ರ ಮಾಸುತ್ತದೆ. ಗಾಳಿಯ ತೇವಕ್ಕೂ ಲೆಕ್ಕ ಇಟ್ಟಿರುತ್ತಾರೆ. ನಮ್ಮ ಹಳೇ ಮನೆಗಳಲ್ಲೂ ಬೆಳಕು ಅಷ್ಟೇ ಇರುತ್ತದೆ, ಅದಕ್ಕೆ ಯಂತ್ರ ಬೇಕಿಲ್ಲ. ತೊಂದರೆ ಇರುವುದು ತೇವದಲ್ಲಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೆ, ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಬರುವ ಊರಲ್ಲಿ ಫೋಟೊ ಎಷ್ಟು ದಿನ ತಡೆದೀತು? ಕ್ಯಾಮೆರಾ ಇರುವ ಬೀರುವಿನಲ್ಲಿ ಝೀರೋ ಬಲ್ಬು ಉರಿಸಿಟ್ಟರೂ ಲೆನ್ಸಿನೊಳಗೆ ಬಿಳಿ ಬಳ್ಳಿ ಹಬ್ಬುತ್ತದೆ. ನಮ್ಮ ಗೋಡೆಯ ಮದುವೆ ಫೋಟೊ ಒಂದು ಮಳೆಗಾಲದಲ್ಲಿ ಗಾಜಿಗೇ ಅಂಟಿಕೊಂಡಿತು. ಬಿಡಿಸಲು ಹೋದರೆ ಮದುಮಗ ಗಾಜಿನ ಜೊತೆ ಹೋಗುತ್ತಾನೆ ಅಂತ ಹಾಗೇ ಬಿಟ್ಟಿದ್ದಾರೆ.

ಕೊಡಗಿನಲ್ಲಿ ಗೋಡೆಯ ಫೋಟೊ ನೋಡಲೆಂದೇ ಹೋಗಬಹುದಾದ ಜಾಗ ಅಂದರೆ ಮಡಿಕೇರಿಯ ಸನ್ನಿ ಸೈಡ್. ಜನರಲ್ ತಿಮ್ಮಯ್ಯನವರ ಮನೆ, 2021ರಲ್ಲಿ ಮ್ಯೂಸಿಯಂ ಆಯಿತು. ಹೊರಗಿನಿಂದ ಬಂದವರು ಟ್ಯಾಂಕಿನ ಜೊತೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ನಮ್ಮವರು ಮಾತ್ರ ಗ್ರೂಪ್ ಫೋಟೊಗಳ ಮುಂದೆ ಗಂಟೆಗಟ್ಟಲೆ ನಿಂತು, ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವರು ಯಾರ ಮನೆಯವರು ಅಂತ ಚರ್ಚೆ ಮಾಡುತ್ತಾರೆ. ಇಷ್ಟು ಹೊತ್ತು ನಿಂತು ನೋಡುವವರನ್ನು ನಾನು ಲಂಡನ್ನಿನಲ್ಲೂ ಜಾಸ್ತಿ ಕಂಡಿಲ್ಲ.

ಹಾಗಾಗಿ ಈ ಸಲ ಬಂದಾಗ, ಊರಿನ ಮನೆಮನೆಯ ಹಳೇ ಫೋಟೊಗಳನ್ನು ಸೇರಿಸಿ ಒಂದು ಪ್ರದರ್ಶನ ಮಾಡೋಣ ಅಂತ ಭಾವನ ಹತ್ತಿರ ಪ್ರಸ್ತಾಪ ಇಟ್ಟೆ. ಯಾವಾಗ ಅಂದರು. ಜನವರಿ ಅಂದೆ. ಆಗ ಕೊಯ್ಲು, ಕಣ ಬಿಟ್ಟು ಯಾರು ಬರುತ್ತಾರೆ? ಮಾರ್ಚ್? ಕಾಫಿ ಹೂ ಅರಳಿಸುವ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡಬೇಕು. ಜೂನಿನಿಂದ ಬೂಷ್ಟಿನ ಕಾಲ, ಅದು ಬೇಡವೇ ಬೇಡ. ಅಕ್ಟೋಬರಿನಲ್ಲಿ ದಸರಾ, ಆಮೇಲೆ ತಲಕಾವೇರಿ ಜಾತ್ರೆ. ಕೊನೆಗೆ ಉಳಿದದ್ದು ಮೇ. ಮೇ ತಿಂಗಳು ಪೂರ್ತಿ ಮದುವೆ.

"ಮದುವೆ ಮಂಟಪದಲ್ಲೇ ಹಾಕು" ಅಂದರು ಭಾವ. "ಹೇಗೂ ಜನ ಬಂದಿರ್ತಾರೆ. ಊಟಕ್ಕೆ ಮುಂಚೆ ಎಲ್ಲರಿಗೂ ಟೈಮ್ ಇರುತ್ತೆ. ಟಿಕೆಟ್ ಮಾತ್ರ ಇಡಬೇಡ."

ಒಳ್ಳೇ ಐಡಿಯಾ. ಮಂಟಪದವರನ್ನೂ ಕೇಳಿದ್ದಾಯಿತು. ಫೋಟೊ ಎಷ್ಟು ಬೇಕಾದರೂ ಹಾಕಿ, ಗೋಡೆಗೆ ಮೊಳೆ ಮಾತ್ರ ಹೊಡೆಯಬಾರದು ಅಂದಿದ್ದಾರೆ.